ಬೇರೆ ಇಟ್ಟ ತಾಟು

ಅವತ್ತು ಡಿಸೆಂಬರ್ 1. ಏಡ್ಸ್ ದಿನದ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ, ಫೋನ್ ಬಂತು. ಬಾಗಲಕೋಟೆ ಕಡೆಯ ಮಾತು.

"ಸರ, ಎಂಟು ವರ್ಷದಿಂದ ಗುಳಿಗಿ ತಗೋಳಾಕತ್ತೀನ್ರಿ. ಒಂದ್ ದಿನಾನೂ ತಪ್ಪಿಸಿಲ್ರಿ. ಈ ಸಲ ರಿಪೋರ್ಟಿನ್ಯಾಗ 'ಟಾರ್ಗೆಟ್ ನಾಟ್ ಡಿಟೆಕ್ಟೆಡ್' ಅಂತ ಬಂದೈತ್ರಿ. ಅಂದ್ರ ಪೂರಾ ಆರಾಮಾತೇನ್ರಿ? ಗುಳಿಗಿ ಬಿಡ್ಲೇನ್ರಿ?"

ಬಿಡಬೇಡಿ ಅಂದೆ. "ಹಂಗಾರ ನನ್ನ ತಾಟು ಬ್ಯಾರೇನ ಇರ್ಲಿ ಬಿಡ್ರಿ" ಅಂದರು. ಎಂಟು ವರ್ಷದಿಂದ ಅವರ ತಾಟು, ಲೋಟ, ಹಾಸಿಗೆ ಎಲ್ಲಾ ಬೇರೆ. ಮನೆಯವರು ಇಟ್ಟಿದ್ದಲ್ಲ, ಅವರೇ ಇಟ್ಟುಕೊಂಡಿದ್ದು. ಮಗಳಿಗೆ ಒಂದು ತುತ್ತು ತಿನ್ನಿಸಿಲ್ಲವಂತೆ.

ನೋಡಿ, ಒಂದೇ ರಿಪೋರ್ಟು, ಎರಡು ತಪ್ಪು ಅರ್ಥ. ಒಂದು, ಕಾಯಿಲೆ ಹೋಯ್ತು. ಇನ್ನೊಂದು, ಹೋಗಿಲ್ಲ ಅಂದಮೇಲೆ ನನ್ನಿಂದ ಮನೆಗೆ ಅಪಾಯ. ಎರಡೂ ಸರಿಯಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬಿನಲ್ಲಿ ಮೊದಲು ಕಲಿತ ಪಾಠ ಇದು: ಮೀಟರಿನ ಮುಳ್ಳು ಅಲುಗಲಿಲ್ಲ ಅಂದ್ರೆ ಕರೆಂಟೇ ಇಲ್ಲ ಅಂತಲ್ಲ, ಮೀಟರಿಗೆ ಸಿಗುವಷ್ಟು ಇಲ್ಲ ಅಂತ. ವೈರಲ್ ಲೋಡ್ ಪರೀಕ್ಷೆಯೂ ಹಾಗೇ. ರಕ್ತದಲ್ಲಿ ವೈರಸ್ಸಿನ ಪ್ರತಿಗಳು ಎಷ್ಟಿವೆ ಅಂತ ಅದು ಎಣಿಸುತ್ತೆ. ಎಚ್‌ಐವಿ ತನ್ನ ನಕಲು ಮಾಡಿಕೊಂಡೇ ಬದುಕುವ ವೈರಸ್. ಈಗ ಎಆರ್‌ಟಿ ಸೆಂಟರಿನಲ್ಲಿ ಹೆಚ್ಚಿನವರಿಗೆ ಕೊಡುವ ದಿನದ ಒಂದು ಮಾತ್ರೆಯಲ್ಲಿ ಮೂರು ಔಷಧಿಗಳಿವೆ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ನಕಲು ತಡೆಯುತ್ತವೆ. ಡೊಲುಟೆಗ್ರಾವಿರ್, ವೈರಸ್ ನಮ್ಮ ಜೀವಕೋಶದ ಡಿಎನ್‌ಎಗೆ ಸೇರಿಕೊಳ್ಳದಂತೆ ನೋಡಿಕೊಳ್ಳುತ್ತೆ. ಆದರೆ ಮೊದಲೇ ಸೇರಿಕೊಂಡು ಸುಮ್ಮನೆ ಮಲಗಿರುವ ವೈರಸ್ಸನ್ನು ಈ ಮಾತ್ರೆ ಮುಟ್ಟಲ್ಲ. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದು ಎದ್ದು ಬರುತ್ತೆ. ಬಿಟ್ಟು ಬಿಟ್ಟು ತಗೊಂಡರೆ ಔಷಧಿಗೇ ಬಗ್ಗದಂತಾಗಬಹುದು. ಅದಕ್ಕೇ ಬಿಡಬಾರದು.

ಇನ್ನು ತಾಟಿನ ವಿಷಯ. ತಾಟು, ಲೋಟ, ಅಪ್ಪುಗೆ, ಒಂದೇ ಹಾಸಿಗೆಯ ನಿದ್ದೆ, ಸೊಳ್ಳೆ, ಇವು ಯಾವುದರಿಂದಲೂ ಎಚ್‌ಐವಿ ಹರಡಲ್ಲ. ಮಾತ್ರೆ ಶುರು ಮಾಡುವ ಮೊದಲೂ ಹರಡುತ್ತಿರಲಿಲ್ಲ. ಗಂಡ-ಹೆಂಡತಿ ಸಂಬಂಧದ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 888 ಜೋಡಿಗಳನ್ನು ಯುರೋಪಿನ 'ಪಾರ್ಟ್‌ನರ್' ಅಧ್ಯಯನ ಗಮನಿಸಿತು. ಸೋಂಕಿದ್ದವರೆಲ್ಲ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ವೈರಲ್ ಲೋಡ್ 200ಕ್ಕಿಂತ ಕಡಿಮೆ ಇತ್ತು. ಕಾಂಡೋಮ್ ಇಲ್ಲದ ಸುಮಾರು 58,000 ಸಲದ ಸಂಪರ್ಕದಲ್ಲಿ ಸಂಗಾತಿಯಿಂದ ಸೋಂಕು ದಾಟಿದ್ದು ಒಂದೂ ಇಲ್ಲ. 2016ರಲ್ಲಿ ಇದು ಪ್ರಕಟವಾಯ್ತು. ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವ ಅಪಾಯ ಸೊನ್ನೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ಈ ಮಾತು ಎದೆಹಾಲಿಗೆ, ಹಂಚಿಕೊಂಡ ಸೂಜಿಗೆ ಅನ್ವಯಿಸಲ್ಲ, ಅದು ನೆನಪಿರಲಿ.

ಹಾಗಾದರೆ ಎಂಟು ವರ್ಷ ತಪ್ಪದೆ ಮಾತ್ರೆ ನುಂಗಿದ ಮನುಷ್ಯನಿಗೆ ಇದು ಯಾಕೆ ಗೊತ್ತಿಲ್ಲ? ನಮ್ಮ ಪಾಲೂ ಇದೆ. 'ಮಹಾಮಾರಿ' ಅಂತ ಕೆಂಪು ಅಕ್ಷರ, ಹಿಂದೆ ಒಂದು ತಲೆಬುರುಡೆ. ಅಂಥ ಬುಲೆಟಿನ್ ನಾನೂ ಓದಿದ್ದೀನಿ. ಹೆದರಿಸುವುದೇ ಜಾಗೃತಿ ಅಂದುಕೊಂಡಿದ್ದೆವು. ಆ ಭಯ ಸೋಂಕಿಲ್ಲದವರ ತಲೆಯಿಂದ ಹೋದರೂ ಸೋಂಕಿರುವವರ ತಲೆಯಲ್ಲಿ ಹಾಗೇ ಕೂತಿದೆ.

ಬೇರೆಯವರು ತಾರತಮ್ಯ ಮಾಡಿದರೆ ಕೇಳೋಕೆ 2017ರ ಎಚ್‌ಐವಿ ಕಾಯ್ದೆ ಇದೆ. ತನಗೆ ತಾನೇ ಮಾಡಿಕೊಂಡರೆ? ಅದಕ್ಕೆ ಸರಿಯಾದ ಮಾಹಿತಿ ಒಂದೇ ದಾರಿ. ರಿಪೋರ್ಟ್ ಕೈಗೆ ಬಂದಾಗ ಎಆರ್‌ಟಿ ಸೆಂಟರಿನ ಕೌನ್ಸೆಲರ್ ಹತ್ತಿರ ಕೂತು "ಇದರರ್ಥ ಏನು?" ಅಂತ ಕೇಳಿ. ಸಂಕೋಚವಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಖರ್ಚಾಗಲ್ಲ.

ಬಾಗಲಕೋಟೆಯ ಆ ಅಣ್ಣನಿಗೆ ಅವತ್ತು ಇಷ್ಟೂ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: "ಅಂದ್ರ ಮಗಳಿಗೆ ನನ್ನ ಕೈಲೆ ಉಣಸಬೌದೇನ್ರಿ?"

ಉಣಿಸಿ ಅಣ್ಣಾ. ಮೊದಲ ದಿನದಿಂದಲೂ ಉಣಿಸಬಹುದಿತ್ತು.