ಗುಡ್ಡ ಯಾಕೆ ಜಾರುತ್ತದೆ?

ಮುಂಬಯಿಯಲ್ಲಿ ಗುಡ್ಡ ಕುಸಿದ ಸುದ್ದಿ ಬಂದಾಗಲೆಲ್ಲ ಜನ ಮಳೆಯನ್ನು ಬೈಯುತ್ತಾರೆ. ಮಳೆ ಕಾರಣ ಹೌದು, ಆದರೆ ಅದು ಕೊನೆಯ ಕಾರಣ. ಅದಕ್ಕೂ ಮೊದಲು ಗುಡ್ಡದಲ್ಲಿ ಎರಡು ಕೆಲಸ ನಡೆದಿರುತ್ತವೆ. ಒಂದನ್ನು ನಿಸರ್ಗ ಬಹುಕಾಲದಿಂದ ಮಾಡುತ್ತ ಬಂದಿದೆ. ಇನ್ನೊಂದನ್ನು ಮನುಷ್ಯರು ಕೆಲವೇ ವರ್ಷಗಳಲ್ಲಿ ಮಾಡಿ ಮುಗಿಸಿದ್ದಾರೆ.

ಮೊದಲು ನಿಸರ್ಗದ ಕೆಲಸ. ಇಲ್ಲಿನ ಹೆಚ್ಚಿನ ಗುಡ್ಡಗಳು ಬೆಸಾಲ್ಟ್ ಎಂಬ ಕಪ್ಪುಕಲ್ಲಿನವು. ಸುಮಾರು ೬.೫ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ತಣಿದು ಆದದ್ದು. ನಮ್ಮ ಬೆಳಗಾವಿ, ವಿಜಯಪುರ, ಬೀದರದ ಕಡೆಗೂ ಇದೇ ಕಲ್ಲಿನ ಹಾಸು ಇದೆ. ಅಲ್ಲಿನ ಎರೆಮಣ್ಣು ಈ ಕಲ್ಲೇ ಶಿಥಿಲವಾಗಿ ಆದದ್ದು.

ಲಾವಾ ತಣಿಯುವಾಗ ಕುಗ್ಗಿ ಬಿರುಕು ಬಿಡುತ್ತದೆ. ಅಂಧೇರಿಯ ಗಿಲ್ಬರ್ಟ್ ಹಿಲ್ ನೋಡಿದರೆ ಇದು ತಿಳಿಯುತ್ತದೆ. ಸುಮಾರು ೨೦೦ ಅಡಿ ಎತ್ತರದ ಕಲ್ಲಿನ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗಿದೆ. ಕಂಬಗಳ ನಡುವಿನ ಗೆರೆಗಳೇ ಆ ಬಿರುಕು. ಇಂಥ ಬಿರುಕಿನೊಳಗೆ ಮಳೆನೀರು ಇಳಿದು ಕಲ್ಲಿನ ಖನಿಜಗಳನ್ನು ಜೇಡಿಮಣ್ಣಾಗಿ ಮಾಡುತ್ತದೆ. ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪಾಗುತ್ತದೆ. ಕಲ್ಲು ಉಳ್ಳಾಗಡ್ಡಿಯ ಹಾಗೆ ಪದರು ಪದರಾಗಿ ಬಿಟ್ಟು ಗುಂಡಾಗುತ್ತದೆ. ಇದಕ್ಕೆ ಶಿಥಿಲೀಕರಣ ಅಂತಾರೆ. ಕೊನೆಗೆ ಗಟ್ಟಿ ಕಲ್ಲಿನ ಮೇಲೆ ಗರಸು, ಜೇಡಿ, ಗುಂಡುಕಲ್ಲು ಕಲಸಿದ ಒಂದು ಹೊದಿಕೆ ಉಳಿಯುತ್ತದೆ.

ಈ ಹೊದಿಕೆ ಇಳಿಜಾರಿನ ಮೇಲೆ ನಿಂತಿರುವುದು ಮೂರು ಆಧಾರಗಳಿಂದ: ಕಣಕ್ಕೆ ಕಣದ ಹಿಡಿತ, ಮರಗಿಡಗಳ ಬೇರು, ಬುಡದ ಆನಿಕೆ. ಗೋದಾಮಿನಲ್ಲಿ ಸುರಿದ ಅಕ್ಕಿಯ ರಾಶಿಯನ್ನು ನೆನಪಿಸಿಕೊಳ್ಳಿ. ಬುಡದಿಂದ ಒಂದು ಸೇರು ತೆಗೆದರೆ ಮೇಲಿನ ಅಕ್ಕಿ ತಾನಾಗಿ ಜಾರಿ ಬರ್ತದೆ. ಗುಡ್ಡದ ಲೆಕ್ಕವೂ ಅಷ್ಟೇ.

ಇನ್ನು ಮನುಷ್ಯರ ಕೆಲಸ. ಜಲ್ಲಿಗಾಗಿ ಕಲ್ಲುಕೋರೆ ತೋಡಿದರು, ರಸ್ತೆಗೂ ಮನೆಗೂ ಬುಡ ಕಡಿದರು, ಮರ ತೆಗೆದರು. ಅಲ್ಲಿಗೆ ಎರಡು ಆಧಾರ ಹೋಯಿತು. ಉಳಿದ ಒಂದನ್ನು ಮಳೆ ಸಡಿಲಿಸುತ್ತದೆ: ನೀರು ಕುಡಿದ ಮಣ್ಣು ಭಾರವಾಗುತ್ತದೆ, ಕಣಗಳ ನಡುವೆ ತುಂಬಿದ ನೀರು ಅವುಗಳ ಹಿಡಿತ ಬಿಡಿಸುತ್ತದೆ. ೨೦೦೦ದ ಜುಲೈಯಲ್ಲಿ ಘಾಟ್‌ಕೋಪರಿನಲ್ಲಿ ಗುಡ್ಡ ಜಾರಿ ೬೦ಕ್ಕೂ ಹೆಚ್ಚು ಜನ ಸತ್ತರು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ೨೪ ಗಂಟೆಗೆ ೯೪೪ ಮಿಲಿಮೀಟರ್ ಮಳೆ ಸುರಿದಾಗ ಸಾಕಿನಾಕಾದಲ್ಲಿ ೭೦ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಎರಡೂ ಕಡೆ ಗುಡ್ಡದ ಬುಡದಲ್ಲಿ ಇದ್ದದ್ದು ಬಡವರ ಝೋಪಡಿಗಳು.

"ಅಲ್ಲಿ ಹೋಗಿ ಯಾಕೆ ಮನೆ ಕಟ್ಟಬೇಕಿತ್ತು?" ಅಂತ ಕೇಳುವುದು ಸುಲಭ. ಈ ಊರಲ್ಲಿ ಸಮತಟ್ಟಾದ ಜಾಗದ ಬೆಲೆ ಏನೆಂದು ನಮಗೆ ಗೊತ್ತೇ ಇದೆ. ಕೂಲಿಯವನ ಕೈಗೆ ಸಿಗುವುದು ಇಳಿಜಾರೇ.

ತಡೆಗೋಡೆ ಕಟ್ಟಿದರೆ ಸಾಲದೆ? ಸಾಲದು. ನೀರು ಹೊರಬರಲು ತೂತು ಬಿಡದ ಗೋಡೆ ಹಿಂದೆ ನೀರು ಕಟ್ಟಿ ಗೋಡೆಯೇ ಮನೆಯ ಮೇಲೆ ಬೀಳಬಹುದು. ಮೇಲಿನಿಂದಲೇ ನೀರನ್ನು ಚರಂಡಿಗೆ ತಿರುಗಿಸಬೇಕು, ಕಡಿದಾದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಬೇಕು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಗೋಡೆಯಿಂದ ಒಮ್ಮೆಲೇ ಬರುವ ಕೆಸರುನೀರು ಕಂಡರೆ ರಾತ್ರಿಯಾದರೂ ಸರಿ, ಮನೆ ಬಿಟ್ಟು ಹೊರಡಬೇಕು. ಆದರೆ ಹೊರಟವರಿಗೆ ಹೋಗಲು ಒಂದು ಜಾಗ ಬೇಕು. ಅದನ್ನು ಮಳೆಗಾಲಕ್ಕೆ ಮೊದಲೇ ಕೊಡುವುದು ಊರಿನ ಕೆಲಸ.