ಭತ್ತದ ಧಾರಣೆಯೂ ಕಾಯಲಾರದ ರೈತನೂ

ಮುಂದಣ ಧಾರಣೆಯನ್ನು ಊಹಿಸಿ ಮಾರುವವನೇ ಜಾಣ ರೈತನೆಂದು ಪೇಟೆಯ ಮಹನೀಯರು ಬೋಧಿಸುವುದುಂಟು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಬೇಸಾಯಗಾರನಿಗೆ ಈ ಬೋಧೆಯಿಂದೇನು ಪ್ರಯೋಜನ? 2025-26ನೆಯ ಸಾಲಿನ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ ಬೆಂಬಲ ಬೆಲೆಯೆಂದು ಕೇಂದ್ರ ಸರಕಾರವು ಮೇ ತಿಂಗಳಲ್ಲಿಯೇ ಸಾರಿತ್ತು, ಊಹಿಸತಕ್ಕದ್ದೇನೂ ಉಳಿದಿರಲಿಲ್ಲ. ಆದರೆ ಕಾರ್ತಿ ಬೆಳೆಯ ಕೊಯಿಲು ಅಕ್ಟೋಬರಿನಲ್ಲಿ. ಖರೀದಿ ಕೇಂದ್ರದ ಬಾಗಿಲು ತೆರೆದುದು ಎಷ್ಟೋ ವರ್ಷಗಳಲ್ಲಿ ಕೊಯಿಲು ಮುಗಿದ ಮೇಲೆಯೇ. ತೆರೆದಲ್ಲಿಯೂ ತೇವವು ನೂರಕ್ಕೆ 17ನ್ನು ಮೀರಕೂಡದೆಂಬ ನಿಯಮ. ಯಂತ್ರವು ಕೊಯ್ದ ಭತ್ತ ಹಸಿ, ಮಳೆ ಬಿಟ್ಟಿರುವುದಿಲ್ಲ, ಹರವಲು ಅಂಗಳವಿಲ್ಲ. ರಾಶಿಯಲ್ಲಿ ಬಿಟ್ಟರೆ ಬಿಸಿಯೇರಿ ಮೊಳೆಯುತ್ತದೆ. ನಮ್ಮ ಹಿರಿಯರು ಬೈಹುಲ್ಲಿನ ಹಗ್ಗ ಸುತ್ತಿ ತಿರಿ ಕಟ್ಟಿ, ಬೇಕಾದಾಗ ಅಕ್ಕಿ ಮಾಡಿಸಿ, ಮುಡಿಯ ಲೆಕ್ಕದಲ್ಲಿ ಮಾರುತ್ತಿದ್ದರು. ಕಾಯುವ ಶಕ್ತಿಯೇ ಅವರ ಜೋಯಿಸತನವಾಗಿತ್ತು! ಇಂದು ಭತ್ತವು ಗದ್ದೆಯಿಂದ ನೆಟ್ಟಗೆ ಮಿಲ್ಲಿಗೆ. ಮಿಲ್ಲಿನವನು ಆಡಿದ್ದೇ ಧಾರಣೆ.

ಇನ್ನು ದಿಲ್ಲಿಯ ಆಜ್ಞೆಗಳನ್ನು ಯಾವ ಪಂಚಾಂಗ ನೋಡಿ ತಿಳಿಯೋಣ? ಕುಚ್ಚಲಕ್ಕಿಯ ರಫ್ತಿಗೆ 2023ರ ಆಗಸ್ಟಿನಲ್ಲಿ ನೂರಕ್ಕೆ 20ರ ಸುಂಕ ಬಿತ್ತು. 2024ರ ಸೆಪ್ಟೆಂಬರಿನಲ್ಲಿ 10ಕ್ಕಿಳಿಯಿತು. ಮುಂದಿನ ತಿಂಗಳಲ್ಲಿ ಪೂರ್ತಿ ಹೋಯಿತು. ಇದನ್ನು ಸಾಹುಕಾರನೂ ಮುಂಗಾಣಲಾರ. ಆದರೆ ಅವನಿಗೆ ಗೋದಾಮುಂಟು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ರೈತರ ನೋಂದಣಿಯು ಸೆಪ್ಟೆಂಬರಿನಲ್ಲಿಯೇ ಮುಗಿಯಲಿ, ಖರೀದಿ ಕೇಂದ್ರವು ಮೊದಲ ಕೊಯಿಲಿನ ದಿನವೇ ತೆರೆಯಲಿ. ಭತ್ತ ಒಣಗಿಸುವ ಯಂತ್ರಗಳನ್ನು ಸಹಕಾರಿ ಸಂಘಗಳ ಅಂಗಳದಲ್ಲಿ ನಿಲ್ಲಿಸಲಿ. ಬರುವ ಕಾರ್ತಿಯೊಳಗೆ ಇಷ್ಟಾಗುವುದೇ?