ಒಂಟೆಯವರು ಹೇಳಿದ್ದ ನೊಣ

ಸಿಂಧೂ ನದಿಯ ದಡದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ 1880ರಲ್ಲಿ ಸೇನೆಯ ಕುದುರೆಗಳು ಒಂದೊಂದಾಗಿ ಸಾಯುತ್ತಿದ್ದವು. ಒಂಟೆಗಳ ಪಾಡೂ ಅದೇ. ಜ್ವರ ಬಂದು ಬಿಡುತ್ತಿತ್ತು, ಮತ್ತೆ ಮರುಕಳಿಸುತ್ತಿತ್ತು. ಕಾಲು ಬಾತುಕೊಳ್ಳುತ್ತಿತ್ತು. ಮೇವು ಬಿಡದೆ ತಿನ್ನುತ್ತಿದ್ದ ಕುದುರೆಯೂ ದಿನೇ ದಿನೇ ಎಲುಬಿನ ಹಂದರವಾಗುತ್ತಿತ್ತು. ಊರವರು ಇದನ್ನು ಸರ್ರಾ ಎನ್ನುತ್ತಿದ್ದರು. ದೊಡ್ಡ ಕಂದು ನೊಣ ಕಚ್ಚಿದರೆ ಬರುತ್ತದೆ ಎಂದು ಒಂಟೆ ಮೇಯಿಸುವವರು ಹೇಳುತ್ತಿದ್ದರು.

ಕಾರಣ ಹುಡುಕಲು ಬಂದವರು ವೇಲ್ಸ್‌ನ ಪಶುವೈದ್ಯ ಗ್ರಿಫಿತ್ ಇವಾನ್ಸ್. ರೋಗಿ ಕುದುರೆಯ ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕೆಂಪು ರಕ್ತಕಣಗಳು ಇದ್ದಲ್ಲೇ ಅಲುಗಾಡುತ್ತಿದ್ದವು. ಅವುಗಳನ್ನು ನೂಕಿಕೊಂಡು ತೆಳ್ಳನೆಯ, ಬಣ್ಣವಿಲ್ಲದ ಜೀವಿಯೊಂದು ಹೊರಳಾಡುತ್ತಿತ್ತು. ಅದರ ಒಂದು ತುದಿ ಚಾಟಿಯಂತೆ ಬೀಸುತ್ತಿತ್ತು.

ಅಂಥ ಜೀವಿಯನ್ನು ಕಂಡವರಲ್ಲಿ ಇವಾನ್ಸ್ ಮೊದಲಿಗರಲ್ಲ. ವೈದ್ಯ ಟಿಮೊಥಿ ಲೂಯಿಸ್ ಭಾರತದ ಇಲಿಗಳ ರಕ್ತದಲ್ಲಿ ಅದರ ಬಂಧುವನ್ನು ಆಗಲೇ ನೋಡಿದ್ದರು. ಆ ಇಲಿಗಳು ಆರೋಗ್ಯವಾಗಿಯೇ ಇದ್ದವು. ಹಾಗಾಗಿ ಇದೂ ನಿರುಪದ್ರವಿ ಎಂಬುದು ಬಲ್ಲವರ ತೀರ್ಮಾನ. ಇವಾನ್ಸ್ ಅದನ್ನು ಒಪ್ಪಲಿಲ್ಲ. ರೋಗದ ರಕ್ತವನ್ನು ಆರೋಗ್ಯವಂತ ಕುದುರೆಗೂ ನಾಯಿಗೂ ಚುಚ್ಚಿದರು. ಅವುಗಳ ರಕ್ತದಲ್ಲೂ ಅದೇ ಜೀವಿ ಕಾಣಿಸಿಕೊಂಡಿತು, ಅವೂ ಕಾಯಿಲೆ ಬಿದ್ದವು. ರೋಗಕ್ಕೆ ಈ ಪರೋಪಜೀವಿಯೇ ಕಾರಣವೆಂದು ಅದೇ ವರ್ಷ ವರದಿ ಬರೆದರು. ಇವಾನ್ಸ್ ದೊಡ್ಡವರಾಗುವುದು ಇಲ್ಲಿಯೇ ಎನ್ನುವುದು ನನ್ನ ಎಣಿಕೆ. ಕಣ್ಣಿಗೆ ಬಿದ್ದದ್ದನ್ನು ನೋಡಿ ಸುಮ್ಮನಾಗದೆ, ಅದು ಕೊಲ್ಲುತ್ತದೆಯೇ ಎಂದು ಪರೀಕ್ಷಿಸಿದರು.

ಮನ್ನಣೆ ಮಾತ್ರ ತಡವಾಗಿ ಬಂತು. ಆ ಜೀವಿಗೆ ಟ್ರಿಪನೊಸೋಮ ಇವಾನ್ಸಿ ಎಂಬ ಹೆಸರು 1888ರಲ್ಲಿ ಬಂತು. ಮುಂದೆ ವೈದ್ಯ ಡೇವಿಡ್ ಬ್ರೂಸ್ ಆಫ್ರಿಕಾದಲ್ಲಿ ದನಗಳನ್ನು ಕೊಲ್ಲುತ್ತಿದ್ದ ನಗಾನಾ ರೋಗದಲ್ಲೂ ಅದೇ ಕುಲದ ಜೀವಿಯನ್ನು ಹಿಡಿದಾಗ ಇವಾನ್ಸ್ ಹೇಳಿದ್ದಕ್ಕೆ ಬಲ ಸಿಕ್ಕಿತು.

ನೊಣದ ಮಾತೂ ನಿಜವಾಯಿತು. ರೋಗಿ ಪ್ರಾಣಿಯ ರಕ್ತ ಹೀರುತ್ತಿದ್ದ ಕುದುರೆನೊಣವನ್ನು ಓಡಿಸಿದರೆ ಅದು ಹಾರಿ ಪಕ್ಕದ ಪ್ರಾಣಿಯನ್ನು ಕಚ್ಚುತ್ತದೆ. ಬಾಯಿಗಂಟಿದ ಹಸಿ ರಕ್ತದೊಂದಿಗೆ ರೋಗವೂ ದಾಟುತ್ತದೆ. ವೈದ್ಯ ಲಿಯೊನಾರ್ಡ್ ರೋಜರ್ಸ್ ಭಾರತದಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದ್ದು 1901ರಲ್ಲಿ. ಒಂಟೆ ಮೇಯಿಸುವವರು ಅದಕ್ಕೂ 21 ವರ್ಷ ಮೊದಲೇ ಇವಾನ್ಸ್‌ಗೆ ಹೇಳಿದ್ದು ಇದನ್ನೇ.